ತೀರ್ಥ ಚೆಲ್ಲುತ್ತಿದ್ದವನ ಬಾಯಿ

ಹರಿಹರದ ಸ್ವಾಮಿಯನ್ನು ನಂಬಿ ನಡೆಯುವ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ದಾವಣಗೆರೆ ಆನೆಕೊಂಡದ ಹಾಲಪ್ಪ ಕೈಮುಗಿದು ಬರೆಯುತ್ತಿದ್ದೇನೆ. ಸ್ವಾಮಿಯ ಕೃಪೆಯ ಮಾತಿಗೆ ಮುಂಚೆ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಎರಡು ತಿಂಗಳ ಕಾಲ ನಾನು ಆತನ ತೀರ್ಥವನ್ನು ಕುಡಿಯಲಿಲ್ಲ, ಕುಡಿದ ಹಾಗೆ ನಟಿಸಿದೆ. ಅರ್ಚಕರು ಅಂಗೈಗೆ ತೀರ್ಥ ಹಾಕಿದ ಕೂಡಲೇ ತಲೆ ಬಗ್ಗಿಸಿ, ಕೈಯನ್ನು ಬಾಯಿಯ ಹತ್ತಿರ ತಂದು, ಬೆರಳ ಸಂದಿಯಿಂದ ಮೆಲ್ಲಗೆ ನೆಲಕ್ಕೆ ಇಳಿಬಿಡುತ್ತಿದ್ದೆ. ಆಮೇಲೆ ಒದ್ದೆ ಅಂಗೈಯನ್ನು ಕಣ್ಣಿಗೂ ನೆತ್ತಿಗೂ ಒರೆಸಿಕೊಂಡು, ಮಹಾಭಕ್ತನ ಮುಖ ಹೊತ್ತು ಹೊರಗೆ ಬರುತ್ತಿದ್ದೆ. ನಲವತ್ತಾರು ವರ್ಷದ ಗಂಡಸು ನಾನು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ಆದರೆ ಹೇಸಿಗೆ ನನಗೆ ಹೊಸದಲ್ಲ. ನನ್ನ ಕಾಯಿಲೆಯ ಹೆಸರೇ ಅದು.

ಕಾಯಿಲೆ ಹತ್ತಿದ್ದು ಕೆಲಸದ ಜಾಗದಲ್ಲಿ. ನಾನು ಇಲ್ಲಿಯ ಒಂದು ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನೇಕಾರ. ಎರಡು ಮಗ್ಗ ನೋಡಿಕೊಳ್ಳುತ್ತೇನೆ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಒಂದು ಕಂಡಿಕೆ ಮುಗಿದರೆ ಇನ್ನೊಂದನ್ನು ಹಾಕಿ, ಅದರ ನೂಲಿನ ತುದಿಯನ್ನು ಲಾಳಿಯ ಪಕ್ಕದಲ್ಲಿರುವ ಸಣ್ಣ ತೂತಿನಿಂದ ಹೊರಗೆ ತರಬೇಕು. ಆ ತೂತಿನಲ್ಲಿ ಒಂದು ಸಾಸಿವೆ ಕಾಳು ಹೊಕ್ಕರೆ ಹೆಚ್ಚು. ಅದಕ್ಕೆ ನಾವು ತೂತಿಗೆ ತುಟಿ ಹಚ್ಚಿ ಒಂದೇ ಉಸಿರು ಒಳಕ್ಕೆ ಎಳೆಯುತ್ತೇವೆ. ನೂಲು ಬಂದು ನಾಲಿಗೆ ಮೇಲೆ ಕೂರುತ್ತದೆ. ದಿನಕ್ಕೆ ನೂರಾರು ಸಲ ಹೀಗೆ. ಈ ಹೀರುವ ವಿದ್ಯೆಯಲ್ಲಿ ನಮ್ಮ ನೇಯ್ಗೆ ಖಾತೆಯಲ್ಲಿ ನನ್ನಷ್ಟು ಚುರುಕಿನವನು ಇಲ್ಲವೆಂದು ನಮ್ಮ ಮೇಲ್ವಿಚಾರಣೆಯ ಜಾಬರ್ ಖಾಸಿಂ ಸಾಬರೇ ಹೇಳುತ್ತಿದ್ದರು. ಹೆಮ್ಮೆಪಡಲು ನನ್ನಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ ಅದನ್ನೇ ಜೋಪಾನವಾಗಿ ಇಟ್ಟುಕೊಂಡಿದ್ದೆ.

ದೀಪಾವಳಿ ಕಳೆದು ಒಂದು ವಾರವಾಗಿತ್ತು. ನನ್ನ ಮಗ್ಗಗಳನ್ನು ಹಿಂದಿನ ಪಾಳಿಯಲ್ಲಿ ನಡೆಸುವವನು ರುದ್ರಪ್ಪ. ಒಳ್ಳೆಯ ಮನುಷ್ಯ, ಆದರೆ ಬಾಯಲ್ಲಿ ಎದ್ದಾಗಿನಿಂದ ಮಲಗುವವರೆಗೆ ಕಡ್ಡಿಪುಡಿ ತಂಬಾಕು. ಅಂದು ಬೆಳಿಗ್ಗೆ ಅವನು ಆಗಷ್ಟೇ ಇಟ್ಟು ಹೋದ ಲಾಳಿಯನ್ನು ತೆಗೆದುಕೊಂಡು ಎಂದಿನಂತೆ ಹೀರಿದೆ. ನೂಲಿನ ಜೊತೆಗೆ ಇನ್ನೂ ಏನೋ ಬಂತು. ಬೆಚ್ಚಗಿತ್ತು. ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ, ನೀವು ಊಟ ಮುಗಿಸಿ ಓದುತ್ತಿರಬಹುದು. ನಾನು ಅಲ್ಲೇ ಮಗ್ಗದ ಪಕ್ಕ ಕುಕ್ಕರಿಸಿ, ಹಿಂದಿನ ರಾತ್ರಿ ಉಂಡದ್ದನ್ನೆಲ್ಲ ಹೊರಗೆ ಹಾಕಿದೆ.

ಇಪ್ಪತ್ತೆರಡು ವರ್ಷ ಹೀರಿದವನಿಗೆ ಅಂದೇ ಯಾಕೆ ಅಷ್ಟು ಹೇಸಿಗೆಯಾಯಿತೋ ಹೇಳಲಾರೆ. ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಮನೆಯ ಬೀಗದ ಚಿಂತೆ. ಇಂಥವನ ತಲೆಗೆ ಎಂಜಲಿನ ಚಿಂತೆ ಹೊಕ್ಕರೆ ಕೇಳಬೇಕೆ? ಈ ಲಾಳಿಗೆ ಇಲ್ಲಿಯವರೆಗೆ ಎಷ್ಟು ಬಾಯಿ ತಾಗಿರಬಹುದು? ಅವರಲ್ಲಿ ಕೆಮ್ಮುವವರು ಯಾರು, ಬಾಯಿ ಹುಣ್ಣಿನವರು ಯಾರು? ಹೋಟೆಲಿನ ಲೋಟ ಯಾರು ತೊಳೆದರು, ಯಾವ ನೀರಿನಲ್ಲಿ? ಮನೆಯ ಲೋಟವಾದರೂ ಏನು ಮಹಾ? ಒಂದು ವಾರದಲ್ಲಿ ಹೊರಗಿನ ಚಹಾ ನಿಂತಿತು. ಇನ್ನೊಂದು ವಾರಕ್ಕೆ ಮನೆಯ ಸಾರು ನಿಂತಿತು, ಯಾಕೆಂದರೆ ನನ್ನ ಹೆಂಡತಿ ಕೊಟ್ರಮ್ಮ ಸೌಟಿನಿಂದ ಅಂಗೈಗೆ ಹನಿ ಹಾಕಿಕೊಂಡು ಉಪ್ಪು ನೋಡುವುದನ್ನು ಕಂಡುಬಿಟ್ಟಿದ್ದೆ. ಹಾಲೆಂದರೆ ಕರುವಿನ ಬಾಯಿ ಕಣ್ಣಿಗೆ ಬರುತ್ತಿತ್ತು. ದಿನಕ್ಕೆ ಮೂರು ರೊಟ್ಟಿ ಉಣ್ಣುತ್ತಿದ್ದವನು, ನನ್ನ ಕೈಯಾರೆ ಏಳು ಸಲ ತೊಳೆದ ಲೋಟದಲ್ಲಿ ಅರ್ಧ ಲೋಟ ಮಜ್ಜಿಗೆಗೆ ಬಂದು ನಿಂತೆ. ಅದೂ ಎರಡು ದಿನಕ್ಕೊಮ್ಮೆ ವಾಪಸು ಬರುತ್ತಿತ್ತು. ಪಂಚೆ ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡೆ.

ಆಸ್ಪತ್ರೆಗೆ ಹೋದೆ. ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ಬಾಟಲಿಯಲ್ಲಿ ಕೆಂಪು ಔಷಧ ಕೊಡಿಸಿದರು. ಆ ಬಾಟಲಿಯನ್ನು ಮೊದಲು ಯಾರು ಬಳಸಿದ್ದರೋ ಎಂದು ಅದನ್ನೂ ಕುಡಿಯಲಿಲ್ಲ. ಎರಡನೆಯ ಸಲ ಹೋದಾಗ ಅವರಿಗೆ ಬೇಸರ ಬಂದಿತ್ತು.

"ನಿಮ್ಮ ಹೊಟ್ಟೆಯಾಗೆ ಏನೂ ಇಲ್ಲ. ಇರೋದೆಲ್ಲ ತಲೆಯಾಗೆ. ಒಂದು ದಿನ ಎಲ್ಲಿಗಾದ್ರೂ ಬೆಟ್ಟದ ಕಡೆ ಹೋಗಿ ಗಾಳಿ ಕುಡ್ಕೊಂಡು ಬರ್ರಿ" ಎಂದರು.

ಗಾಳಿಯನ್ನು ಮಾತ್ರ ಯಾರೂ ಎಂಜಲು ಮಾಡಿರುವುದಿಲ್ಲ ಎಂದುಕೊಂಡೆ. ಆಮೇಲೆ, ಎಲ್ಲರೂ ಬಿಟ್ಟ ಉಸಿರೇ ಅಲ್ಲವೇ ಗಾಳಿ ಎಂದು ಯೋಚನೆ ಬಂದು ಮನೆಗೆ ಬರುವವರೆಗೆ ಮೂಗಿಗೆ ಟವೆಲು ಹಿಡಿದುಕೊಂಡೆ.

ಮಿಲ್ಲಿನಲ್ಲಿ ಒಂದು ತಂತಿಯ ಕೊಕ್ಕೆ ಮಾಡಿಕೊಂಡು ನೂಲು ಎಳೆಯತೊಡಗಿದ್ದೆ. ಉಳಿದವರು ಒಂದು ಉಸಿರಿಗೆ ಮುಗಿಸುವುದು ನನಗೆ ಹತ್ತು ಉಸಿರಿನ ಕೆಲಸ. ಅಷ್ಟು ಹೊತ್ತೂ ಮಗ್ಗ ಸುಮ್ಮನೆ ನಿಂತಿರುತ್ತಿತ್ತು. ಖಾಸಿಂ ಸಾಬರು ಮೊದಮೊದಲು ನಗೆಯಾಡಿದರು.

"ಅರೇ ಹಾಲಪ್ಪಾ, ಲಾಳೀಗೆ ಮುತ್ತು ಕೊಡಾಕೆ ಹೊಸ ಮದುಮಗನ ಹಂಗೆ ಯಾಕ ನಾಚ್ತೀಯಪ್ಪಾ?"

ಸಂಕ್ರಾಂತಿ ಹೊತ್ತಿಗೆ ನಗೆ ನಿಂತಿತ್ತು. ಶನಿವಾರ ಪಾಳಿ ಬಿಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನೋಡು, ಮೇಲಿನವ್ರು ನನ್ನ ಕೇಳ್ತಾರೆ. ಸೋಮವಾರ ನೀನು ಬಾಯಿ ಹಚ್ಚಿದ್ರೆ ಮಗ್ಗ ನಿಂದು. ಇಲ್ಲಾಂದ್ರೆ ಝಾಡೂ ಕೆಲಸಕ್ಕೆ ಹಾಕ್ತೀನಿ. ಮನಸ್ಸಿಗೆ ಹಚ್ಕೋಬ್ಯಾಡ" ಎಂದರು.

ಝಾಡೂ ಕೆಲಸವೆಂದರೆ ಇಡೀ ಮಿಲ್ಲಿನ ಮೂಲೆಮೂಲೆಗಳಲ್ಲಿ ಜನ ಉಗಿದದ್ದನ್ನು ಗುಡಿಸಿ ತೊಳೆಯುವುದು. ಎಂಜಲಿಗೆ ಹೇಸಿ ಓಡಿದವನನ್ನು ಎಂಜಲಿನ ಮಡುವಿಗೇ ತಳ್ಳುವ ಏರ್ಪಾಡು.

ಪ್ರತಿ ಸೋಮವಾರ ಪಾಳಿ ಮುಗಿಸಿ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬರುವುದು ನನ್ನ ಅಪ್ಪನ ಕಾಲದಿಂದ ಬಂದ ಪದ್ಧತಿ. ಕಾಯಿಲೆಯಲ್ಲೂ ಬಿಡಲಿಲ್ಲ. ಸ್ವಾಮಿಯ ಮುಂದೆ ನಿಂತು, "ನನ್ನ ಬಾಯಿ ನನಗೆ ವಾಪಸು ಕೊಡು. ಬೇರೇನೂ ಬ್ಯಾಡ" ಎಂದು ಕಣ್ಣೀರು ಹಾಕುತ್ತಿದ್ದೆ. ಮರುಗಳಿಗೆಯಲ್ಲಿ ಆತ ಕೊಟ್ಟ ತೀರ್ಥವನ್ನೇ ಚೆಲ್ಲುತ್ತಿದ್ದೆ. ತೀರ್ಥ ಹಾಕುವ ಆ ಉದ್ಧರಣೆ ಸಾಲಿನಲ್ಲಿ ನಿಂತ ಎಲ್ಲರ ಅಂಗೈಯ ಹತ್ತಿರವೂ ಹೋಗಿ ಬಂದಿರುತ್ತಿತ್ತಲ್ಲ! ಬೇಡುವುದೂ ಅದೇ ಬಾಯಿ, ಬೇಡವೆನ್ನುವುದೂ ಅದೇ ಬಾಯಿ. ಸ್ವಾಮಿ ಇದನ್ನು ನೋಡಿ ಏನೆಂದುಕೊಳ್ಳುತ್ತಿದ್ದನೋ.

ಆ ಶನಿವಾರ ಸಂಜೆ ನಮ್ಮ ಬಾಗಿಲಲ್ಲಿ ಗುಡುಗಿನಂಥ ಸದ್ದಾಯಿತು. ಕೊಟ್ರಮ್ಮನ ತಮ್ಮ ತಿಪ್ಪೇಶಿ ಬಂದಿದ್ದ. ಪಿ.ಬಿ. ರೋಡಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗಾಟದ ಆಸಾಮಿ, ಮೂವತ್ತರ ಹತ್ತಿರ ಬಂದರೂ ಹಾಗೇ. ಯಾರೋ ಮಾರಿದ ಹಳೆಯ ಮೋಟಾರ್ ಸೈಕಲ್ ಒಂದನ್ನು ಕೊಂಡು, ತಾನೇ ಬಿಚ್ಚಿ ತಾನೇ ಜೋಡಿಸಿದ್ದ. ಜೋಡಿಸಿದ ಮೇಲೆ ಕೆಲವು ಸಾಮಾನು ಮಿಕ್ಕಿದ್ದವಂತೆ. ಅದನ್ನು ನಗುತ್ತಲೇ ಹೇಳಿದ.

"ಭಾವ, ಡಾಕ್ಟ್ರು ಬೆಟ್ಟದ ಗಾಳಿ ಅಂದಾರಂತಲ್ಲ? ನಾಳೆ ನಸುಕಿಗೆ ಹೊರಡಾನ. ಆಗುಂಬೆ ತೋರಿಸ್ಕೊಂಡು ಸಂಜೀಗೆ ಮನೀಗೆ ತಂದು ಬಿಡ್ತೀನಿ."

"ಅದರ ಬ್ರೇಕು ಹೆಂಗೈತೆ?" ಎಂದೆ.

"ಒಂದೈತೆ."

ನಾನು ಒಲ್ಲೆ ಎನ್ನುವುದರೊಳಗೆ ಕೊಟ್ರಮ್ಮ ಒಳಗಿನಿಂದಲೇ ತೀರ್ಮಾನ ಕೊಟ್ಟಳು. "ಹೋಗ್ರಿ ಸುಮ್ಮನೆ. ಮನೆಯಾಗೆ ಕುಂತು ತೊಳೆದಿದ್ನೇ ತೊಳೀತೀರಿ. ಆ ಲೋಟದ ಕಲಾಯಿ ಪೂರಾ ಹೋಗೋದ್ರೊಳಗೆ ಒಂದು ದಿನ ಊರಾದ್ರೂ ಬಿಡ್ರಿ."

ಅಕ್ಕತಮ್ಮ ಇಬ್ಬರೂ ಒಂದಾದ ಮೇಲೆ ನನ್ನ ಮಾತು ನಡೆದ ಉದಾಹರಣೆಯಿಲ್ಲ.

ಭಾನುವಾರ ಬೆಳಗಿನ ಜಾವ ಹೊರಟೆವು. ತಲೆಗೆ ಮಫ್ಲರು, ಮೈಗೆ ಕಂಬಳಿ, ಜೇಬಿನಲ್ಲಿ ಒಂದು ದೊಡ್ಡ ಮುದ್ದೆ ಹತ್ತಿ. ಮಿಲ್ಲಿನವರೆಲ್ಲ ಕೈ ಒರೆಸಿಕೊಳ್ಳಲು ಈ ಉದುರು ಹತ್ತಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಇರುತ್ತೇವೆ. ನಾನು ಅದನ್ನು ಮೂಗಿಗೆ ಹಿಡಿದುಕೊಳ್ಳಲೆಂದು ತಂದಿದ್ದೆ. ಕೊಟ್ರಮ್ಮ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಪಕ್ಕದ ಚೀಲದಲ್ಲಿತ್ತು, ನನಗಲ್ಲ, ತಿಪ್ಪೇಶಿಗೆ. ಬೆಳಕು ಹರಿಯುವಾಗ ಹರಿಹರದಲ್ಲಿ ಇಳಿದು ದರ್ಶನ ಮಾಡಿದೆವು. ಅಂದೂ ತೀರ್ಥ ಚೆಲ್ಲಿದೆ. ತಿಪ್ಪೇಶಿ ನೋಡಿದನೆಂದು ಕಾಣುತ್ತದೆ.

ಹೊನ್ನಾಳಿ ದಾಟಿ ಶಿವಮೊಗ್ಗ, ಶಿವಮೊಗ್ಗ ದಾಟಿ ತೀರ್ಥಹಳ್ಳಿ. ಈ ಪ್ರವಾಸದ ಸೊಗಸನ್ನು ವರ್ಣಿಸಬೇಕೆಂದು ನನಗೂ ಆಸೆಯಿದೆ, ಆದರೆ ದೇವರ ವಿಷಯ ಬರೆಯುವಾಗ ಸುಳ್ಳು ಹೇಳಬಾರದು. ನನ್ನ ಮೂಗಿನ ಮುಂದೆ ನೂರು ಮೈಲಿಯುದ್ದಕ್ಕೂ ಇದ್ದದ್ದು ತಿಪ್ಪೇಶಿಯ ಕುತ್ತಿಗೆ, ಅದರ ಮೇಲೆ ಬೆವರಿನೊಡನೆ ಇಳಿಯುತ್ತಿದ್ದ ಘಮಘಮ ಎಣ್ಣೆ. ಮುಖಕ್ಕೆ ಹುಳಗಳು ಬಡಿಯುತ್ತಿದ್ದವು. ತುಟಿ ಬಿಗಿ ಹಿಡಿದಿದ್ದರೂ ಒಂದು ಒಳಗೆ ಹೋಯಿತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗಿನ ರಬ್ಬರು ಸವೆದು ಹೋಗಿತ್ತು. ಹಳ್ಳ ಬಂದಾಗಲೆಲ್ಲ ಪೆಟ್ರೋಲು ತುಳುಕಿ, ಅದರ ವಾಸನೆ ಎಣ್ಣೆಯ ವಾಸನೆಯ ಜೊತೆ ಬೆರೆತು ನನ್ನ ಹೊಟ್ಟೆಯೊಳಗೆ ಕೈಯಾಡಿಸುತ್ತಿತ್ತು. ಮೈಲಿಗಲ್ಲು ಕಿತ್ತು ಕಿಲೋಮೀಟರು ಕಲ್ಲು ನೆಡುತ್ತಿದ್ದರು. ನಾಲ್ಕು ಹಳೆಯ ಕಲ್ಲಿನ ಬುಡದಲ್ಲಿ ಮತ್ತು ಎರಡು ಹೊಸ ಕಲ್ಲಿನ ಬುಡದಲ್ಲಿ ನಾನು ಕುಳಿತು ಬೆಳಗಿನ ಮಜ್ಜಿಗೆಯ ಋಣ ತೀರಿಸಿದೆ.

ಆಗುಂಬೆಯಲ್ಲಿ ನಿಂತಾಗ ತಿಪ್ಪೇಶಿ ಎರಡೂ ಕೈ ಚಾಚಿದ. "ನೋಡ್ರಿ ಭಾವ! ಹೆಂಗೈತೆ?"

ಮುಂದೆ ನೆಲವೇ ಇರಲಿಲ್ಲ. ಬೆಟ್ಟದ ಮೇಲೆ ಬೆಟ್ಟ, ಮಧ್ಯೆ ಮಂಜು, ಕೆಳಗೆ ಎಲ್ಲೋ ಹಸಿರು ಕಪ್ಪಾಗಿ ಕಾಣುವ ಕಾಡು. ಕಟ್ಟೆಯ ಮೇಲೆ ಒಂದು ಮಂಗ ಕುಳಿತು ಯಾರೋ ಎಸೆದ ಬಾಳೆಹಣ್ಣಿನ ಸಿಪ್ಪೆ ನೆಕ್ಕುತ್ತಿತ್ತು. ನಾನು ಬೆಟ್ಟ ನೋಡಲಿಲ್ಲ, ಆ ಸಿಪ್ಪೆಯನ್ನು ನೋಡಿದೆ.

"ವಾಪಸು ಹೋಗಾನ" ಎಂದೆ.

"ಬಂದಿದ್ದೀವಿ, ಎರಡು ತಿರುವು ಇಳಿದು ನೋಡ್ಕೊಂಡು ಬರಾನ ತಡೀರಿ" ಎಂದು ಅವನು ಮೂತ್ರಕ್ಕೆ ಮರೆಯಾದ. ಆ ಗಳಿಗೆಯಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ಪೆಟ್ರೋಲಿನ ವಾಸನೆಯನ್ನು ಇನ್ನು ತಡೆಯಲಾರೆನೆಂದು ಟ್ಯಾಂಕಿನ ಮುಚ್ಚಳ ತೆಗೆದು, ಜೇಬಿನ ಹತ್ತಿಯನ್ನು ಟ್ಯಾಂಕಿನ ಬಾಯಿಯ ಸುತ್ತಲೂ ತುರುಕಿ, ಅದರ ಮೇಲೆ ಮುಚ್ಚಳ ಬಿಗಿದೆ. ಮಿಲ್ಲಿನಲ್ಲಿ ಎಣ್ಣೆ ಸೋರಿದರೂ ಹತ್ತಿ, ಕೈ ಕುಯ್ದರೂ ಹತ್ತಿ, ಕಿಟಕಿ ಬಡಿದುಕೊಂಡರೂ ಹತ್ತಿ. ನಮಗೆ ತಿಳಿದ ಔಷಧ ಅದೊಂದೇ. ವಾಸನೆ ನಿಂತಿತು. ನನ್ನನ್ನು ನಾನೇ ಮೆಚ್ಚಿಕೊಂಡೆ.

ಎರಡು ತಿರುವು ಎಂದವನು ನಾಲ್ಕು ತಿರುವು ಇಳಿಸಿದ. ವಾಪಸು ಹತ್ತುವಾಗ ಮೂರನೆಯ ತಿರುವಿನ ಕಡಿದಾದ ಜಾಗದಲ್ಲಿ ಗಾಡಿ ಎರಡು ಸಲ ಸೀನಿದಂತೆ ಮಾಡಿ ನಿಂತುಬಿಟ್ಟಿತು. ನಿಂತದ್ದಷ್ಟೇ ಅಲ್ಲ, ಹಿಂದಕ್ಕೆ ಜಾರತೊಡಗಿತು. ಇದ್ದ ಒಂದು ಬ್ರೇಕು ಒತ್ತಿದರೂ ಗಾಡಿ ಪಕ್ಕಕ್ಕೆ ವಾಲಿ ಇಬ್ಬರೂ ಬಿದ್ದೆವು. ನಾನು ಕಂಬಳಿಯ ಸಮೇತ ಬಿದ್ದೆನಾದ್ದರಿಂದ ಏನೂ ಆಗಲಿಲ್ಲ. ತಿಪ್ಪೇಶಿಯ ಬಾಯಿ ಹ್ಯಾಂಡಲಿಗೆ ಬಡಿದು ಮೇಲ್ತುಟಿ ಸೀಳಿತು. ನೋಡನೋಡುತ್ತ ಅದು ಬದನೆಕಾಯಿಯಷ್ಟು ಊದಿತು. ರಕ್ತ ಗದ್ದದ ಮೇಲೆ ಇಳಿಯುತ್ತಿತ್ತು. ನನಗೆ ಅಯ್ಯೋ ಎನ್ನಿಸುವ ಮೊದಲು ವಾಕರಿಕೆ ಬಂತು. ಇದನ್ನೂ ಬರೆದಿಡುತ್ತೇನೆ. ಹೆಂಡತಿಯ ತಮ್ಮನಿಗೆ ರಕ್ತ ಬರುವಾಗ ಬೇರೆ ಕಡೆ ಮುಖ ತಿರುಗಿಸಿದ ಮನುಷ್ಯ ನಾನು.

ಅವನು ಟವೆಲಿನಿಂದ ಬಾಯಿ ಒತ್ತಿಕೊಂಡೇ ಬಿದ್ದ ಗಾಡಿ ಎತ್ತಿ ನಿಲ್ಲಿಸಿ, ಪೆಟ್ರೋಲು ಹೋಗುವ ಕಾರ್ಬುರೇಟರನ್ನು ಬಿಚ್ಚಿದ. ಅದರೊಳಗಿನಿಂದ ಒಂದು ಹಿತ್ತಾಳೆಯ ಸಣ್ಣ ತಿರುಪು ತೆಗೆದು ಬಿಸಿಲಿಗೆ ಹಿಡಿದ. ಅದಕ್ಕೆ ಜೆಟ್ ಎನ್ನುತ್ತಾರೆ. ನಡುವೆ ಕೂದಲೆಳೆಯಂಥ ತೂತು. ಇಂಜಿನ್ನಿಗೆ ಪೆಟ್ರೋಲು ಹೋಗುವುದು ಅದರಿಂದಲೇ. ತೂತು ಮುಚ್ಚಿತ್ತು. ಟ್ಯಾಂಕಿನ ಮುಚ್ಚಳ ತೆಗೆದ. ಹತ್ತಿಯ ಮುದ್ದೆ ಅರ್ಧ ಒಳಗೆ ಇಳಿದು ಪೆಟ್ರೋಲಿನಲ್ಲಿ ತೇಲುತ್ತಿತ್ತು.

ತುಟಿ ಕೂಡದವನ ಮಾತನ್ನು ನಾನು ಸರಿಮಾಡಿ ಬರೆಯುತ್ತಿದ್ದೇನೆ. "ಇದೇನು ಭಾವ ಇದು?"

"ವಾಸನೆ ಬರ್ತಿತ್ತಪ್ಪ."

"ಪೆಟ್ರೋಲಿಗೆ ಪೆಟ್ರೋಲಿನ ವಾಸನೆ ಬರದೆ ಮಲ್ಲಿಗೆ ವಾಸನೆ ಬರ್ತೈತೇನ್ರಿ?"

ಮುದ್ದೆಯನ್ನು ತೆಗೆದು ಎಸೆದ. ಜೆಟ್ಟನ್ನು ಬಾಯಿಗಿಟ್ಟು ಊದಲು ನೋಡಿದ. ಗಾಳಿ ಸೀಳಿನಿಂದಲೇ ಹೊರಗೆ ಹೋಯಿತು, ರಕ್ತದ ಗುಳ್ಳೆ ಎದ್ದಿತು. ಮೂರು ಸಲ ನೋಡಿ ಕೈಬಿಟ್ಟ. ತಂತಿ ಹಾಕಿದರೆ ತೂತು ಹಾಳಾಗುತ್ತದೆಂದ. ತಂತಿಯೂ ಇರಲಿಲ್ಲ, ನನ್ನ ಕೊಕ್ಕೆ ಮಿಲ್ಲಿನ ಅಂಗಿಯಲ್ಲಿತ್ತು. ಆಗ ಒಂದು ಬಸ್ಸು ಕೆಳಗಿನಿಂದ ಏರಿ ಬಂತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ನಿಲ್ಲಲು ಆ ಏರಿನಲ್ಲಿ ಜಾಗವೂ ಇರಲಿಲ್ಲ. ಕಿಟಕಿಯಿಂದ ಯಾರೋ ನಕ್ಕರು, ಅಷ್ಟೇ. ಬಸ್ಸು ಹೋದ ಮೇಲೆ ಘಟ್ಟ ಮೊದಲಿಗಿಂತ ದೊಡ್ಡದಾಯಿತು.

"ಭಾವ, ನೀವು ಬಾಯಿ ಹಚ್ಚಬೇಕು."

"ನಾನಾ?"

"ಇಲ್ಲಿ ಮತ್ಯಾರದಾರೆ? ಆ ಮಂಗ್ಯಾನ ಕರೀಲಾ?"

ಅವನು ಅಂಗೈ ಚಾಚಿ ಜೆಟ್ ಕೊಟ್ಟ. ಅದರ ಮೇಲೆ ಪೆಟ್ರೋಲು, ಗ್ರೀಸು, ತಿಪ್ಪೇಶಿಯ ಉಗುಳು, ತಿಪ್ಪೇಶಿಯ ರಕ್ತ. ಎರಡು ತಿಂಗಳಿಂದ ನಾನು ಯಾವುದನ್ನೆಲ್ಲ ಕಂಡು ಓಡುತ್ತಿದ್ದೆನೋ ಅದೆಲ್ಲ ಕಡಲೆಕಾಳಿನಷ್ಟು ಹಿತ್ತಾಳೆಯಲ್ಲಿ ಒಟ್ಟಾಗಿ ನನ್ನ ಅಂಗೈಗೆ ಬಂದು ಕೂತಿತ್ತು. ಬೆಳಿಗ್ಗೆ ಅದೇ ಅಂಗೈಯಲ್ಲಿ ತೀರ್ಥ ಇತ್ತು.

ಬೆಳಕಿಗೆ ಹಿಡಿದು ನೋಡಿದೆ. ಜೆಟ್ಟಿನ ತೂತಿನಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ನೋಡಿದ ಕೂಡಲೇ ನನಗೆ ಗೊತ್ತಾಯಿತು: ಇದನ್ನು ಊದಬಾರದು. ಊದಿದರೆ ಎಳೆ ಮುದುಡಿ ಇನ್ನೂ ಬಿಗಿಯುತ್ತದೆ. ಇದನ್ನು ಹೀರಬೇಕು, ಒಂದೇ ಉಸಿರಿಗೆ, ಹಲ್ಲು ತಾಗಿಸದೆ. ಆ ಘಟ್ಟದಲ್ಲಿ, ಬಹುಶಃ ಆ ಇಡೀ ಸೀಮೆಯಲ್ಲಿ, ಆ ಕೆಲಸಕ್ಕೆ ನನಗಿಂತ ಪಳಗಿದ ಬಾಯಿ ಇರಲಿಲ್ಲ.

ತಿಪ್ಪೇಶಿ ಕಲ್ಲಿನ ಮೇಲೆ ತಲೆ ಹಿಡಿದು ಕುಳಿತಿದ್ದ. ಮುಖ ಬಿಳಿಚಿತ್ತು. ಮೊದಲ ಸಲ ಅವನ ಮುಖವನ್ನು ಪೂರ್ತಿ ನೋಡಿದೆ. ನಾನು ಪೂರ್ವಕ್ಕೆ ತಿರುಗಿ ನಿಂತೆ, ಹರಿಹರ ಆ ಕಡೆ ಎಲ್ಲೋ ಇರಬೇಕೆಂಬ ಅಂದಾಜಿನಲ್ಲಿ.

"ಸ್ವಾಮಿ, ನಿನ್ನ ತೀರ್ಥ ಒಲ್ಲೆ ಅಂದವನು ನಾನು. ಇದನ್ನ ಕುಡಿಸಾಕೇ ಇಲ್ಲಿತನಕ ಕರ್ಕೊಂಡು ಬಂದ್ಯಾ? ಆಗ್ಲಿ. ಬಾಯಿ ನಿಂದು. ಇದೊಂದು ಉಸಿರಿಗೆ ಜೊತೆಗಿರು" ಎಂದೆ. ಇದಕ್ಕಿಂತ ಒಳ್ಳೆಯ ಪ್ರಾರ್ಥನೆ ಆ ಹೊತ್ತಿನಲ್ಲಿ ನನ್ನ ಹತ್ತಿರ ಇರಲಿಲ್ಲ.

ತುಟಿ ಹಚ್ಚಿದೆ. ಹೊಟ್ಟೆ ಗಂಟಲವರೆಗೆ ಎದ್ದು ಬಂತು. ಕಣ್ಣಲ್ಲಿ ನೀರು ಬಂತು. ಹೀರಿದೆ.

ಬರಲಿಲ್ಲ. ಬಂದದ್ದು ಪೆಟ್ರೋಲು ಮಾತ್ರ, ನಾಲಿಗೆ ಸುಟ್ಟ ಹಾಗಾಯಿತು. ಉಗಿದು ಮತ್ತೆ ಹಚ್ಚಿದೆ. ಈ ಸಲ ಇಪ್ಪತ್ತೆರಡು ವರ್ಷದ ಅಭ್ಯಾಸ ನನ್ನನ್ನು ಕೇಳದೆ ತಾನೇ ಕೆಲಸಕ್ಕೆ ನಿಂತಿತು. ಕೆನ್ನೆ ಒಳಕ್ಕೆ ಹೋಯಿತು, ಉಸಿರು ದಾರದ ಹಾಗೆ ಸಣ್ಣಗಾಯಿತು. ಏನೋ ಸಡಿಲಿದ್ದು ತುಟಿಗೆ ತಿಳಿಯಿತು. ಹತ್ತಿಯ ಎಳೆ ಬಂದು ನಾಲಿಗೆ ಮೇಲೆ ಕೂತಿತು.

ಬೆರಳಲ್ಲಿ ತೆಗೆದು ಬಿಸಿಲಿಗೆ ಹಿಡಿದೆ. ತಿಪ್ಪೇಶಿ ಓಡಿ ಬಂದು ಜೆಟ್ಟನ್ನು ಕಸಿದುಕೊಂಡು ಆಕಾಶಕ್ಕೆ ಹಿಡಿದು, "ತೂತು ಕಾಣ್ತೈತೆ! ಭಾವ, ತೂತು ಕಾಣ್ತೈತೆ!" ಎಂದು ಆ ಬಾಯಲ್ಲೇ ಕೂಗಿದ.

ಗಾಡಿ ಶುರುವಾಯಿತು. ಟ್ಯಾಂಕಿನಲ್ಲಿ ಇನ್ನೂ ಎಳೆಗಳಿದ್ದವೆಂದು ಕಾಣುತ್ತದೆ, ಒಂದು ತಿರುವು ಹತ್ತುವುದರೊಳಗೆ ಮತ್ತೆ ನಿಂತಿತು. ಮತ್ತೆ ಹೀರಿದೆ. ಘಟ್ಟದ ತುದಿಯಲ್ಲಿ ಇನ್ನೊಮ್ಮೆ ನಿಂತಿತು. ಮತ್ತೆ ಹೀರಿದೆ. ಮೂರನೆಯ ಸಲ ತಿಪ್ಪೇಶಿ ಜೆಟ್ ಕೊಡುವ ಮೊದಲು ಒರೆಸಲು ಹೋದಾಗ, "ತಾ ಇಲ್ಲಿ, ಹೊತ್ತಾಗ್ತೈತೆ" ಎಂದು ಗದರಿಸಿದವನು ನಾನೇ. ಆಮೇಲೆ ಅವನು ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನೆಲ್ಲ ಟವೆಲಿನಲ್ಲಿ ಸೋಸಿ ಹಾಕಿದ.

ಅಲ್ಲಿ ಕಟ್ಟೆಯ ಮೇಲೆ ಕುಳಿತೆವು. ನನ್ನ ಚಿಂತೆ ತನ್ನ ಕೆಲಸಕ್ಕೆ ವಾಪಸು ಬಂದಿತ್ತು. ಪೆಟ್ರೋಲು ಹೊಟ್ಟೆಗೆ ಹೋದರೆ ಮನುಷ್ಯ ಎಷ್ಟು ಹೊತ್ತು ಬದುಕುತ್ತಾನೆ? ತೇಗಿದಾಗಲೆಲ್ಲ ಗ್ಯಾರೇಜಿನ ವಾಸನೆ. ದೂರದಲ್ಲಿ ಒಬ್ಬ ಬೀಡಿ ಹಚ್ಚಿದ. "ಏಯ್, ಆ ಕಡೆ ಹೋಗಪ್ಪಾ!" ಎಂದು ಕೂಗಿದೆ. ಬಾಯಿಯ ಆ ರುಚಿ ಹೇಗಾದರೂ ಹೋಗಲೆಂದು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡೆ. ಅದನ್ನು ಅಗಿಯುತ್ತ, ಇವತ್ತು ಸತ್ತರೆ ಕೊಟ್ರಮ್ಮನಿಗೆ ಯಾರು ಹೇಳಿ ಕಳಿಸುತ್ತಾರೆ ಎಂದು ಯೋಚಿಸುತ್ತಿದ್ದೆ.

ತಿಪ್ಪೇಶಿ ನನ್ನನ್ನೇ ನೋಡುತ್ತಿದ್ದ.

"ಏನು?" ಎಂದೆ.

"ಭಾವ, ಏನ್ ಮಾಡ್ತಿದ್ದೀರಿ ಗೊತ್ತೈತೇನು?"

ನೋಡಿಕೊಂಡೆ. ಕೈಯಲ್ಲಿ ರೊಟ್ಟಿ ಇತ್ತು. ಬುತ್ತಿ ಬಿಚ್ಚಿ ತಿಪ್ಪೇಶಿ ಕಚ್ಚಲು ಹೋಗಿ, ತುಟಿ ಉರಿದು ಕೆಳಗಿಟ್ಟಿದ್ದ ರೊಟ್ಟಿ. ಅವನ ಹಲ್ಲಿನ ಗುರುತು ಒಂದು ಅಂಚಿನಲ್ಲಿ, ನನ್ನದು ಇನ್ನೊಂದು ಅಂಚಿನಲ್ಲಿ. ಶೇಂಗಾ ಚಟ್ನಿ ಬೆರಳಿಗೆಲ್ಲ ಹತ್ತಿತ್ತು.

ಉಗಿಯಬೇಕೆನ್ನಿಸಿತೇ? ಅನ್ನಿಸಿತು. ಆದರೆ ಅದಕ್ಕಿಂತ ಜೋರಾಗಿ ಇನ್ನೊಂದು ಅನ್ನಿಸಿತು. ಅದನ್ನು ಎರಡು ತಿಂಗಳಿಂದ ಮರೆತಿದ್ದೆನಾದ್ದರಿಂದ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಸಿವು. ನುಂಗಿದೆ. ಒಳಗೆ ಹೋಗಿ ಅಲ್ಲೇ ಕೂತಿತು, ವಾಪಸು ಬರಲಿಲ್ಲ. ಇನ್ನೆರಡು ತಿಂದೆ. ತಿಪ್ಪೇಶಿ ಬಾಯಿಗೆ ಹಾಕಲಾರದೆ ಬರೀ ನೀರು ಕುಡಿದು, ಅದೇ ಬಾಟಲಿಯನ್ನು ನನಗೆ ಕೊಟ್ಟ. ಕುಡಿದೆ. ಆಗ ತಲೆಯೆತ್ತಿ ನೋಡಿದರೆ ಎದುರಿಗೆ ಬೆಟ್ಟಗಳಿದ್ದವು. ಮಂಜು ಕರಗಿತ್ತು. ಚೆನ್ನಾಗಿಯೇ ಇದ್ದವು. ಬೆಳಿಗ್ಗೆಯೂ ಅಲ್ಲೇ ಇದ್ದಿರಬೇಕು.

"ನಿಮಗೆ ಡಾಕ್ಟ್ರ ಔಷಧ ತಾಗಲಿಲ್ಲ, ಪೆಟ್ರೋಲ್ ತಾಗ್ತು ನೋಡ್ರಿ" ಎಂದ ತಿಪ್ಪೇಶಿ.

ಅವನು ಗ್ಯಾರೇಜಿನವನು, ಅವನಿಗೆ ಪೆಟ್ರೋಲೇ ಕಾಣುತ್ತದೆ. ನನ್ನ ಲೆಕ್ಕ ಬೇರೆ. ಹತ್ತಿ ತುರುಕಿದ ಕೈ ನನ್ನದು, ಸರಿ. ಆದರೆ ನೂರಾರು ತಿರುವುಗಳ ಆ ದಾರಿಯಲ್ಲಿ, ಊದಬೇಕಾದವನ ತುಟಿಯನ್ನೇ ಸೀಳಿ, ಇಡೀ ಗಾಡಿಯ ಜೀವವನ್ನು ಒಂದು ಹತ್ತಿಯ ಎಳೆಗೆ ಕಟ್ಟಿ, ಹೀರುವುದೊಂದನ್ನು ಬಿಟ್ಟು ಬೇರೆ ವಿದ್ಯೆ ತಿಳಿಯದವನ ಅಂಗೈಗೆ ಇಟ್ಟದ್ದು ಯಾರು? ಪಾಪ, ತಿಪ್ಪೇಶಿಯ ತುಟಿ ಯಾಕೆ ಬೇಕಿತ್ತೆಂದು ಸ್ವಾಮಿಯನ್ನು ಕೇಳಬೇಕೆಂದಿದ್ದೇನೆ. ಇನ್ನೂ ಕೇಳಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹರಿಹರ ಸೇರಿದೆವು. ಊದಿದ ಮುಖ ಹೊತ್ತು ಗುಡಿಯೊಳಗೆ ಬರಲು ನಾಚಿ ತಿಪ್ಪೇಶಿ ಹೊರಗೇ ನಿಂತ. ಮಂಗಳಾರತಿಯ ಬೆಳಕಿನಲ್ಲಿ ಸ್ವಾಮಿಯ ಮುಖ ನೋಡಿದೆ. ಒಂದು ಅರ್ಧ ಹರ, ಒಂದು ಅರ್ಧ ಹರಿ, ಚಿಕ್ಕಂದಿನಿಂದ ನೋಡಿದ್ದೇ. ಆದರೆ ಅಂದು ಬಾಯಿಯನ್ನು ನೋಡಿದೆ. ಕೈ ಬೇರೆ ಬೇರೆ, ಆಯುಧ ಬೇರೆ ಬೇರೆ, ಬಾಯಿ ಮಾತ್ರ ಒಂದೇ. ವಿಷ ಕುಡಿದವನೂ ಬೆಣ್ಣೆ ತಿಂದವನೂ ಒಂದೇ ತುಟಿಯನ್ನು ಅರ್ಧ ಅರ್ಧ ಹಂಚಿಕೊಂಡು ನಿಂತಿದ್ದರು. ಯಾರದು ಯಾರಿಗೆ ಎಂಜಲು? ಎರಡು ತಿಂಗಳು ಇವರ ಮುಂದೆಯೇ ನಿಂತು ಇದನ್ನು ಕಾಣದೆ ನೆಲಕ್ಕೆ ತೀರ್ಥ ಬಿಟ್ಟೆ.

ವಯಸ್ಸಾದ ಅರ್ಚಕರು ಉದ್ಧರಣೆ ಹಿಡಿದು ಬಂದರು. ನನಗೆ ತಡೆಯಲಾಗಲಿಲ್ಲ.

"ಸ್ವಾಮೇರೆ, ಒಂದು ಮಾತು. ಎರಡು ತಿಂಗಳಿಂದ ನಾನು ತೀರ್ಥ ಕುಡಿದಿಲ್ಲ. ಕೆಳಗೆ ಬಿಟ್ಟೀನಿ."

"ಗೊತ್ತೈತೆ" ಎಂದರು ಅವರು.

"ಗೊತ್ತಿತ್ತಾ?"

"ನೀವು ನಿಲ್ಲೋ ಜಾಗ ಒರೆಸೋನು ನಾನೇ ಅಲ್ಲೇನ್ರಿ? ಹಿಡೀರಿ ಕೈ."

ಹಿಡಿದೆ. ಹಾಕಿದರು. ಕುಡಿದೆ. ಇನ್ನೊಮ್ಮೆ ಹಾಕಿದರು. ಅದನ್ನೂ ಕುಡಿದೆ. ಮೂರನೆಯದನ್ನು ಹಾಕಿ ನನ್ನ ಬೆರಳ ಸಂದಿಯನ್ನೇ ನೋಡುತ್ತ ನಿಂತರು. ಒಂದು ಹನಿಯೂ ಬೀಳಲಿಲ್ಲ. ಅವರು ಮೂಗು ಅರಳಿಸಿ, "ಏನಿದು, ಸೀಮೆಎಣ್ಣೆ ವಾಸನೆ?" ಎಂದು ಕೇಳಿ ಮುಂದಿನವರ ಕಡೆ ಹೋದರು.

ಸೋಮವಾರ ಬೆಳಿಗ್ಗೆ ಖಾಸಿಂ ಸಾಬರು ನನ್ನ ಮಗ್ಗದ ಹತ್ತಿರವೇ ಕೈಕಟ್ಟಿ ನಿಂತಿದ್ದರು. ಗೋಡೆಗೆ ಒಂದು ಪೊರಕೆ ಒರಗಿಸಿದ್ದರು, ಬೇಕೆಂದೇ. ರುದ್ರಪ್ಪ ಪಾಳಿ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಹೋದ. ಅವನು ಇಟ್ಟ ಲಾಳಿ ಇನ್ನೂ ಬೆಚ್ಚಗಿತ್ತು.

ನನ್ನ ಹೇಸಿಗೆ ಹೋಯಿತೆಂದು ನಿಮ್ಮಲ್ಲಿ ಯಾರಾದರೂ ತಿಳಿದಿದ್ದರೆ, ಇಲ್ಲ. ಕಡ್ಡಿಪುಡಿಯ ವಾಸನೆ ದೂರದಿಂದಲೇ ಬಂತು, ಹೊಟ್ಟೆ ಎದ್ದಿತು. ಇವತ್ತೂ ಏಳುತ್ತದೆ. ಸ್ವಾಮಿ ನನ್ನ ಹೇಸಿಗೆಯನ್ನು ತೆಗೆಯಲಿಲ್ಲ, ಅದರ ಮೇಲೆ ಒಂದು ಉಸಿರಿನಷ್ಟು ಬಲ ಕೊಟ್ಟಿದ್ದಾನೆ. ನಾನು ಬೇಡಿದ್ದೂ ಬಾಯಿಯನ್ನೇ ಅಲ್ಲವೇ?

"ಹರಿಹರೇಶ್ವರಾ" ಎಂದು ತುಟಿ ಹಚ್ಚಿ ಹೀರಿದೆ. ನೂಲು ಬಂತು. ಜೊತೆಗೆ ಬಂದದ್ದನ್ನು ಪಕ್ಕಕ್ಕೆ ಉಗಿದೆ.

ಖಾಸಿಂ ಸಾಬರು ಆ ಪೊರಕೆ ತೆಗೆದುಕೊಂಡು ನನ್ನ ಉಗುಳನ್ನು ತಾವೇ ಗುಡಿಸಿ ಮೂಲೆಗೆ ತಳ್ಳಿದರು. "ಅಲ್ಲಾ ದೊಡ್ಡವನು. ಮಗ್ಗ ಶುರು ಮಾಡು, ಹಾಲಪ್ಪಾ" ಎಂದರು.

ಮಗ್ಗ ಶುರು ಮಾಡಿದೆ. ಲಾಳಿ ಓಡಿತು.